ವೀಸಾ ಫೀ ಬೇರೆ, ವೀಸಾ ಖರ್ಚು ಬೇರೆ

ಧಾರವಾಡ
20-11-2025

ಚಿ. ತಮ್ಮಗ ಕಾಕಾನ ಆಶೀರ್ವಾದಗಳು.

ಇಂಗ್ಲೆಂಡಿನ ಕವೆಂಟ್ರಿಯ ಕಂಪನಿಯಿಂದ ಡಿಸೈನ್ ಎಂಜಿನಿಯರ್ ಕೆಲಸಕ್ಕೆ ಆಫರ್ ಲೆಟರ್ ಬಂದದ್ದನ್ನು ವೈನಿ ಫೋನಿನಲ್ಲಿ ಹೇಳಿದರು. ಭಾಳ ಸಂತೋಷ. ತಲೆಗೆ 769 ಪೌಂಡ್, ಮೂರು ಮಂದಿಗೆ ಮೂರು ಲಕ್ಷ ತೆಗೆದಿಟ್ಟರೆ ವೀಸಾದ ಕೆಲಸ ಮುಗೀತು ಅಂತ ನೀನು ಲೆಕ್ಕ ಹಾಕಿದ್ದೀ ಅಂತಲೂ ಹೇಳಿದರು. ಆ ಮೂರಕ್ಕೆ ಇನ್ನೊಂದು ಹತ್ತು ಲಕ್ಷ ಸೇರಿಸು. ಹೆದರಿಸಲಿಕ್ಕೆ ಬರೆಯುತ್ತಿಲ್ಲ. ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲೇ ಇದು ನಿನ್ನ ಕಣ್ಣಿಗೆ ಬೀಳಲಿ ಅಂತ.

ನೀನು ನೋಡಿದ್ದು ಬರೀ ಅರ್ಜಿ ಫೀ. 2025ರ ಏಪ್ರಿಲ್ 9ರಿಂದ ಜಾರಿಗೆ ಬಂದ ದರದಂತೆ, ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಇಲ್ಲಿಂದ ಅರ್ಜಿ ಹಾಕಿದರೆ ಮೂರು ವರ್ಷದವರೆಗೆ 769 ಪೌಂಡ್, ಮೂರು ದಾಟಿದರೆ 1,519. ನಿನ್ನ ಹೆಂಡತಿಗೂ ಅಷ್ಟೇ, ನಾಲ್ಕು ವರ್ಷದ ಕೂಸಿಗೂ ಅಷ್ಟೇ. ಅರ್ಧ ಟಿಕೆಟ್ ಇಲ್ಲ. ದೊಡ್ಡ ಗಂಟು ಕೇಳುವುದು ಹೆಲ್ತ್ ಸರ್ಚಾರ್ಜ್. ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಎನ್‌ಎಚ್‌ಎಸ್ ಬಳಸಲಿಕ್ಕೆ ಮುಂಗಡ ಕಟ್ಟುವ ರೊಕ್ಕ ಅದು. 2024ರ ಫೆಬ್ರುವರಿ 6ರಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, 18 ತುಂಬದವರಿಗೆ 776. ಕಂತು ಇಲ್ಲ. ಮೂರೂ ವರ್ಷದ್ದನ್ನು ಅರ್ಜಿ ಹಾಕುವಾಗಲೇ ಕಟ್ಟಬೇಕು. ಇಷ್ಟು ಕೊಟ್ಟರೂ ಇಂಗ್ಲೆಂಡಿನಲ್ಲಿ ದೊಡ್ಡವರ ಔಷಧ ಚೀಟಿಯ ಒಂದೊಂದು ಔಷಧಕ್ಕೆ 9.90 ಪೌಂಡ್ ಬೇರೆ, ಹಲ್ಲಿನ ಖರ್ಚು ಬೇರೆ.

ಪೌಂಡ್ ಈಗ 116 ರೂಪಾಯಿಯ ಆಚೀಚೆ ಇದೆ. ನೀನು 120 ಹಿಡಿ. ಏರಿಳಿತಕ್ಕೆ ಒಂದಿಷ್ಟು ಜಾಗ ಬೇಕು. ಮೂರು ಅರ್ಜಿಗೆ 2,307 ಪೌಂಡ್. ಸರ್ಚಾರ್ಜ್ ನಿನ್ನದು 3,105, ಅವಳದು 3,105, ಕೂಸಿನದು 2,328. ಒಟ್ಟು 10,845 ಪೌಂಡ್, ಅಂದರೆ 13 ಲಕ್ಷದ ಮೇಲೆ 1,400 ರೂಪಾಯಿ. ವಿಮಾನದ ಟಿಕೆಟ್ ಇದರಲ್ಲಿ ಬಂದಿಲ್ಲ.

ಇನ್ನು ನಿನ್ನನ್ನು ಕೆಲಸಕ್ಕೆ ಕರೆಸಿಕೊಳ್ಳಲಿಕ್ಕೆ ಕಂಪನಿಯವರು ಕೊಡುವ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್, ಎಲ್ಲರೂ ಸಿಒಎಸ್ ಅನ್ನುವುದು. ಅದರಲ್ಲಿ ಕೆಲಸ ಶುರುವಾಗುವ ದಿನ, ಮುಗಿಯುವ ದಿನ ಅಂತ ಎರಡು ದಿನಾಂಕ ಇರ್ತವೆ. ನಿನ್ನ ಖರ್ಚು ನಿಂತಿರುವುದು ಆ ಎರಡರ ನಡುವಿನ ಅಂತರದ ಮೇಲೆ. ಎಚ್‌ಆರ್‌ನವರು ಮೂರು ವರ್ಷ ಒಂದು ತಿಂಗಳು ಅಂತ ತುಂಬಿಬಿಟ್ಟರು ಅನ್ನು. ಅರ್ಜಿ ಫೀ ತಲೆಗೆ 750 ಪೌಂಡ್ ಏರ್ತದೆ. ಆರು ತಿಂಗಳೊಳಗಿನ ತುಣುಕು ಉಳಿದರೆ ಸರ್ಚಾರ್ಜ್ ಅರ್ಧ ವರ್ಷದ್ದು, ಆರು ದಾಟಿದರೆ ಇಡೀ ವರ್ಷದ್ದು. ಆ ಒಂದು ತಿಂಗಳಿಗೆ ನಿಮ್ಮ ಮೂರು ಮಂದಿಯದು 3,673 ಪೌಂಡ್ ಆಗ್ತದೆ, ನಾಲ್ಕು ಲಕ್ಷ ನಲವತ್ತು ಸಾವಿರ. ಅದಕ್ಕೇ ಸಿಒಎಸ್ ಕೊಡುವ ಮೊದಲೇ, ದಿನಾಂಕ ಮೂರು ವರ್ಷದೊಳಗೆ ಇರಲಿ ಅಂತ ಎಚ್‌ಆರ್‌ಗೆ ಮೇಲ್ ಹಾಕು. ಕೇಳಿದರೆ ತಪ್ಪೇನೂ ಇಲ್ಲ.

ಅದೇ ಮೇಲ್‌ನಲ್ಲಿ ಇನ್ನೊಂದು ಕೇಳು: ಅರ್ಜಿ ಫೀ, ಸರ್ಚಾರ್ಜ್ ಇವನ್ನು ಕಂಪನಿ ಕಟ್ಟುತ್ತದೋ ಇಲ್ಲವೋ, ನಿನ್ನದು ಅಷ್ಟೇ ಕಟ್ಟುತ್ತದೋ, ಮನೆಯವರದ್ದೂ ಸೇರಿಯೋ. ಫೋನಿನಲ್ಲಿ "ವಿ ವಿಲ್ ಟೇಕ್ ಕೇರ್" ಅಂದರೆ ಅದನ್ನು ಖಾತೆಗೆ ಜಮಾ ಹಿಡಿಯಬೇಡ. ಕಟ್ಟುತ್ತೇವೆ ಅಂದರೆ ಎಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಕರಾರು ಓದು. ಮುಂಗಡವಾಗಿ ಕಟ್ಟುತ್ತಾರೋ, ನೀನು ಕಟ್ಟಿ ಬಿಲ್ ಕೊಟ್ಟ ಮೇಲೆ ಮರುಪಾವತಿಯೋ, ಅದನ್ನೂ ಕೇಳು. ಮರುಪಾವತಿಯಾದರೆ 13 ಲಕ್ಷ ಮೊದಲು ನಿನ್ನ ಕೈಯಿಂದಲೇ ಹೋಗಬೇಕು.

ನೀನು ಕೊಡಲೇಬಾರದ ರೊಕ್ಕವೂ ಇದೆ. ಸಿಒಎಸ್ ಫೀ 525 ಪೌಂಡ್ ಕಂಪನಿಯದು. 2024ರ ಡಿಸೆಂಬರ್ 31ರಿಂದ ಅದನ್ನು ಕೆಲಸಗಾರನ ತಲೆಗೆ ಕಟ್ಟುವ ಹಾಗಿಲ್ಲ. ಹೊರದೇಶದವರನ್ನು ಕೆಲಸಕ್ಕೆ ತೊಗೊಂಡದ್ದಕ್ಕೆ ಕಟ್ಟುವ ಸ್ಕಿಲ್ಸ್ ಚಾರ್ಜ್ ಅಂತ ಇನ್ನೊಂದಿದೆ, ಅದೂ ಕಂಪನಿಯದೇ. ಇಲ್ಲಿ ಯಾವನಾದರೂ ಏಜೆಂಟ್ "ಸಿಒಎಸ್ ಕೊಡಿಸ್ತೀನಿ, ಎಂಟು ಲಕ್ಷ ಇಡ್ರಿ" ಅಂದರೆ ಅದು ಫೀ ಅಲ್ಲ, ಮೋಸ. ಕಂಪನಿಯ ಹೆಸರು ಬ್ರಿಟನ್ ಸರ್ಕಾರದ ಜಾಲತಾಣದ ಲೈಸೆನ್ಸ್ ಇರುವ ಸ್ಪಾನ್ಸರ್‌ಗಳ ಪಟ್ಟಿಯಲ್ಲಿ ಇದೆಯೇ ಅಂತ ನೀನೇ ನೋಡು, ಒಂದು ಪೈಸೆ ಖರ್ಚಿಲ್ಲ. ಪೊಲೀಸ್ ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ ಅಂತಲೂ ಬರ್ತಾರೆ. ಆಸ್ಪತ್ರೆ, ಶಾಲೆಯಂಥ ಕಡೆ ಕೆಲಸಕ್ಕೆ ಹೋಗುವವರಿಗೆ ಅದು ಬೇಕು. ಡಿಸೈನ್ ಎಂಜಿನಿಯರ್‌ಗೆ ಬೇಡ.

ಅಲ್ಲಿ ಜೀವನ ನಡೆಸಲಿಕ್ಕೆ ಆಗ್ತದೆ ಅಂತ, ಖರ್ಚು ಮಾಡದೆ ಬರೀ ಖಾತೆಯಲ್ಲಿ ತೋರಿಸಬೇಕಾದ ರೊಕ್ಕ ಬೇರೆ. ನಿನಗೆ 1,270 ಪೌಂಡ್, ಹೆಂಡತಿಗೆ 285, ಮೊದಲ ಕೂಸಿಗೆ 315, ಕೂಡಿ 1,870. ಎರಡು ಲಕ್ಷ ಇಪ್ಪತ್ತೈದು ಸಾವಿರದ ಹತ್ತಿರ. 28 ದಿನ ಸತತವಾಗಿ ಖಾತೆಯಲ್ಲಿ ಇರಬೇಕು, ಆ 28ರ ಕೊನೆಯ ದಿನ ಅರ್ಜಿಗಿಂತ 31 ದಿನದ ಹಿಂದಿನದಾಗಿರಬಾರದು. ಇಪ್ಪತ್ತನೇ ದಿನ ಮನೆ ಸಾಲದ ಕಂತು ಕಡಿತವಾಗಿ ಒಂದೇ ದಿನ ಬಾಕಿ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ಅದಕ್ಕೇ ಮೂರು ಲಕ್ಷ ಇಟ್ಟು, ಕಂತು, ಎಲ್‌ಐಸಿ ಯಾವುದೂ ತಗುಲದ ಖಾತೆಯಲ್ಲಿ ಇಡು. ಪತ್ತಿನ ಸೊಸೈಟಿಯಲ್ಲಿಟ್ಟ ಠೇವಣಿ, ಪಿಗ್ಮಿ ಇವನ್ನು ನಂಬಬೇಡ. ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಬ್ಯಾಂಕಿನ ಸ್ಟೇಟ್‌ಮೆಂಟೇ ಬೇಕು. ವೈನಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ (ಮೊದಲಿನ ಕೆವಿಜಿ ಬ್ಯಾಂಕ್) ಖಾತೆಯಿಂದ ರೊಕ್ಕ ತರುವುದಾದರೆ 28 ದಿನ ಶುರುವಾಗುವ ಮೊದಲೇ ನಿನ್ನ ಖಾತೆಗೆ ಬಂದಿರಲಿ. ನಿಮ್ಮ ಮೂವರ ಜೀವನದ ಖರ್ಚಿಗೆ ಕಂಪನಿಯೇ ಸಿಒಎಸ್‌ನಲ್ಲಿ ಖಾತರಿ ಕೊಟ್ಟರೆ ಇದಾವುದೂ ಬೇಡ. ಆ ಖಾನೆಗೆ ಟಿಕ್ ಹಾಕಲಿಕ್ಕೆ ಅವರಿಗೆ ಖರ್ಚಿಲ್ಲ, ಕೇಳಿಬಿಡು.

ಎಲ್ಲಕ್ಕಿಂತ ಮೊದಲು ಟಿಬಿ ಪರೀಕ್ಷೆ ಮಾಡಿಸಿರಿ. ಹುಬ್ಬಳ್ಳಿಯ ಲ್ಯಾಬಿನ ಎಕ್ಸ್-ರೇ ನಡೆಯುವುದಿಲ್ಲ; ಬ್ರಿಟನ್ ಒಪ್ಪಿದ ಕ್ಲಿನಿಕ್ಕೇ ಆಗಬೇಕು, ಬೆಂಗಳೂರಿಗೆ ಹೋಗಿರಿ. 11ರೊಳಗಿನ ಕೂಸಿಗೆ ಸಾಮಾನ್ಯವಾಗಿ ಎಕ್ಸ್-ರೇ ತೆಗೆಯುವುದಿಲ್ಲ, ಆದರೂ ಡಾಕ್ಟರ್ ನೋಡಬೇಕು, ಕರೆದುಕೊಂಡು ಹೋಗಬೇಕು. ಎಕ್ಸ್-ರೇಯಲ್ಲಿ ಸಂಶಯ ಬಂದು ಕಫ ಪರೀಕ್ಷೆಗೆ ಹೋದರೆ ಎರಡು ತಿಂಗಳು ಹಿಡಿಯಬಹುದು. ಸಿಒಎಸ್ ಕೈಗೆ ಬಂದ ಮೂರು ತಿಂಗಳಲ್ಲಿ ಬಳಸದಿದ್ದರೆ ಸತ್ತುಹೋಗ್ತದೆ. ಟಿಬಿ ಸರ್ಟಿಫಿಕೇಟ್ ಆರು ತಿಂಗಳು ನಡೀತದೆ, ಆದ್ದರಿಂದ ಸಿಒಎಸ್ ಬರುವ ಮೊದಲೇ ಮಾಡಿಸಿಟ್ಟರೂ ನಷ್ಟವಿಲ್ಲ. ವೀಸಾ ಕೇಂದ್ರದಲ್ಲಿ ಬೆರಳಚ್ಚು, ಫೋಟೋ ಕೊಡಲಿಕ್ಕೆ ಮತ್ತೊಮ್ಮೆ ಮೂವರೂ ಬೆಂಗಳೂರಿಗೆ ಹೋಗಬೇಕು. ಎರಡು ಸಲದ ರೈಲು, ಲಾಡ್ಜು, ಊಟ ಲೆಕ್ಕದಲ್ಲಿ ಬರೆ.

ಇಂಗ್ಲಿಷ್ ಪರೀಕ್ಷೆ ಬರೆಯುವುದಾದರೆ ಹೆಸರಲ್ಲೇ "ಫಾರ್ ಯುಕೆವಿಐ" ಅಂತ ಇರುವ ಐಇಎಲ್‌ಟಿಎಸ್ ಬರೆ. ಸಾದಾ ಐಇಎಲ್‌ಟಿಎಸ್ ಬರೆದರೆ ಫೀ ನೀರಿಗೆ ಹೋಯಿತು ಅಂತಲೇ. 2026ರ ಜನವರಿ 8ರಿಂದ ಬಿ1 ಬದಲು ಅದಕ್ಕಿಂತ ಮೇಲಿನ ಬಿ2 ಮಟ್ಟ ಬೇಕು, ಅದನ್ನು ನೋಡಿ ದಿನ ಹಿಡಿ.

ಕಟ್ಟುವ ದಿನ ಎಡವುವುದು ಕಾರ್ಡಿನಲ್ಲಿ. ಹೊರದೇಶದ ವ್ಯವಹಾರ ಬಹಳ ಕಾರ್ಡುಗಳಲ್ಲಿ ಬಂದ್ ಇರ್ತದೆ, ಮೊದಲೇ ಆ್ಯಪ್‌ನಲ್ಲಿ ತೆರೆದು ಮಿತಿ ಏರಿಸು. ನಿನ್ನ ಸರ್ಚಾರ್ಜ್ ಒಂದೇ ಸುಮಾರು 3.7 ಲಕ್ಷ, ಒಂದೇ ಏಟಿಗೆ ಹೋಗಬೇಕು. ಸಾದಾ ಕ್ರೆಡಿಟ್ ಕಾರ್ಡಿನ ಮಾರ್ಕ್‌ಅಪ್, ಅಂದರೆ ಕರೆನ್ಸಿ ಬದಲಾವಣೆಗೆ ಬ್ಯಾಂಕು ಹಿಡಿಯುವ ಹೆಚ್ಚುವರಿ, ಶೇ. 3.5, ಅದರ ಮೇಲೆ ಜಿಎಸ್‌ಟಿ. 13 ಲಕ್ಷಕ್ಕೆ 50 ಸಾವಿರದ ಮೇಲೆ. ಮೊದಲೇ ವಿದೇಶಿ ಕರೆನ್ಸಿ ತುಂಬಿಸಿಡುವ ಫೋರೆಕ್ಸ್ ಕಾರ್ಡ್ ತೊಗೊಂಡರೆ ಒಳ್ಳೇದು, ಆದರೆ ಪಾವತಿಯ ಪುಟ ಯಾವ ಕರೆನ್ಸಿ ತೋರಿಸ್ತದೆ ನೋಡಿ ಅದನ್ನೇ ತುಂಬಿಸು. ಡಾಲರ್ ಕೇಳುವಲ್ಲಿ ಪೌಂಡ್ ಕಾರ್ಡ್ ಉಜ್ಜಿದರೆ ಬದಲಾವಣೆಯ ಕಡಿತ ಮತ್ತೆ ಬೀಳ್ತದೆ. ಒಬ್ಬರ ಪ್ಯಾನ್ ಮೇಲೆ ಒಂದು ಆರ್ಥಿಕ ವರ್ಷದಲ್ಲಿ ಹೀಗೆ ಹೊರದೇಶಕ್ಕೆ ಹೋಗುವ ರೊಕ್ಕ 10 ಲಕ್ಷ ದಾಟಿದರೆ ಮೇಲಿನದಕ್ಕೆ ಶೇ. 20 ಟಿಸಿಎಸ್ ಅಂತ ತೆರಿಗೆ ಮೊದಲೇ ಹಿಡೀತಾರೆ. ರಿಟರ್ನ್ ತುಂಬುವಾಗ ಅದು ಹೊಂದಾಣಿಕೆಯಾಗ್ತದೆ ಖರೆ, ಆದರೆ ಅವತ್ತಿಗೆ ಕೈಯಿಂದ ಹೋಗ್ತದೆ. ನಿನ್ನ ಹೆಂಡತಿಯ ಹೆಸರಲ್ಲೂ ಒಂದು ಕಾರ್ಡ್ ಮಾಡಿಸಿ ಹಂಚಿಕೊಳ್ಳಿರಿ.

ಸಾಮಾನ್ಯ ಅರ್ಜಿಗೆ ಮೂರು ವಾರ. ತ್ವರಿತ ಸೇವೆ ತಲೆಗೆ 500 ಪೌಂಡ್, ನಿನಗೆ ಬೇಡ. ವೀಸಾ ಕೇಂದ್ರದ ಲೌಂಜು, ಎಸ್‌ಎಂಎಸ್, ಸ್ಕ್ಯಾನಿಂಗ್ ಯಾವುದೂ ಕಡ್ಡಾಯವಲ್ಲ. ಕಾಗದಪತ್ರ ಮನೆಯಲ್ಲೇ ಕೂತು ಅಪ್‌ಲೋಡ್ ಮಾಡು. ಬೆರಳಚ್ಚು ಕೊಟ್ಟ ಮೇಲೆ ವೀಸಾ ತಿರಸ್ಕಾರವಾದರೆ ಸರ್ಚಾರ್ಜ್ ವಾಪಸ್ ಬರ್ತದೆ, ಅರ್ಜಿ ಫೀ ಬರುವುದಿಲ್ಲ.

ಹೆಂಡತಿ ಮಗು ಆರು ತಿಂಗಳ ಮೇಲೆ ಬರಲಿ ಅನ್ನುವ ದಾರಿಯೂ ಇದೆ. ಅವರ ವೀಸಾ ನಿನ್ನದು ಮುಗಿಯುವವರೆಗೆ ಮಾತ್ರ, ಹಾಗಾಗಿ ಅರ್ಧ ವರ್ಷದ ಸರ್ಚಾರ್ಜ್ ಅಂದರೆ 905 ಪೌಂಡ್ ಉಳೀತದೆ, ಅರ್ಜಿ ಫೀ ಅಷ್ಟೇ ಇರ್ತದೆ. ಆದರೆ ಅವಳಿಗೆ ಅಲ್ಲಿ ಕೆಲಸ ಮಾಡಲಿಕ್ಕೆ ಅನುಮತಿ ಇದೆ. ಎರಡು ತಿಂಗಳ ಸಂಬಳ ಬಂದರೆ ಆ ಉಳಿತಾಯ ಮುಳುಗಿಹೋಗ್ತದೆ. ನನಗೆ ಕೇಳಿದರೆ ಎಲ್ಲರೂ ಕೂಡಿಯೇ ಹೋಗಿರಿ.

ಇಳಿದ ಮೇಲೆ ಮನೆಗೆ ಐದು ವಾರದ ಬಾಡಿಗೆ ಠೇವಣಿ, ಒಂದು ತಿಂಗಳ ಮುಂಗಡ, ಮೊದಲ ಸಂಬಳ ಬರುವವರೆಗೆ ಊಟ ಬಸ್ಸು. ಅದಕ್ಕೆ ಆ ತೋರಿಸುವ ರೊಕ್ಕವನ್ನೇ ಮುಟ್ಟದೆ ಇಟ್ಟುಕೋ. ಮೂರು ವರ್ಷದ ಮೇಲೆ ಅಲ್ಲೇ ನವೀಕರಿಸಿದರೆ ಇವತ್ತಿನ ದರದಲ್ಲಿ ಅರ್ಜಿಗೆ ತಲೆಗೆ 885, ಸರ್ಚಾರ್ಜ್ ಮತ್ತೆ ಅಷ್ಟೇ, ಕೂಡಿ 11,193 ಪೌಂಡ್. ಮೊದಲ ತಿಂಗಳಿಂದ 311 ಪೌಂಡ್ ಬೇರೆ ಖಾತೆಗೆ ಹಾಕುತ್ತ ಬಂದರೆ ಆಗ ಚಿನ್ನ ಒತ್ತೆ ಇಡುವ ಪ್ರಸಂಗ ಬರುವುದಿಲ್ಲ.

ಭಾನುವಾರ ಆಫರ್ ಲೆಟರ್ ಪ್ರಿಂಟ್ ತೊಗೊಂಡು ಮನೆಗೆ ಬಾ. ವಾಪಸ್ ಕೊಡುವ ಕರಾರಿನ ಸಾಲು ಕೂಡಿ ಓದೋಣ. ಎಚ್‌ಆರ್‌ಗೆ ಹಾಕುವ ಮೇಲ್ ಬರೆದಿದ್ದರೆ ಅದನ್ನೂ ತಾ, ಕಳಿಸುವ ಮೊದಲು ತೋರಿಸು.

ಇತಿ,
ನಿನ್ನ ಕಾಕಾ