ಮೆನನ್ ಮೇಷ್ಟ್ರ ಲಾ ಸ್ಕೂಲು, ನಮ್ಮ ತಾಲೂಕು ಕೋರ್ಟು

ಸಂಪಾದಕರಿಗೆ ನಮಸ್ಕಾರ,

ವೈಸ್ ಚಾನ್ಸಲರ್ ಕುರ್ಚಿಗೆ ನಡೆಯೋ ಲಾಬಿ ಸುದ್ದಿ ಪೇಪರ್‌ನಲ್ಲಿ ಓದಿದಾಗೆಲ್ಲ ನಂಗೆ ಮಾಧವ ಮೆನನ್ ನೆನಪಾಗ್ತಾರೆ. ಮೊನ್ನೆ ನಮ್ಮ ಕೋರ್ಟಿನ ಬಾರ್ ರೂಮಲ್ಲಿ (ವಕೀಲರು ಕೂರೋ ಕೋಣೆ) ಅವ್ರ ಹೆಸರೆತ್ತಿದ್ರೆ ಜೂನಿಯರ್ ಒಬ್ಬ 'ಯಾರ್ ಸಾರ್, ಡಿಫೆನ್ಸ್ ಮಿನಿಸ್ಟರ್ ಆಗಿದ್ರಲ್ಲ ಅವ್ರಾ' ಅಂದ. ಅದು ಕೃಷ್ಣ ಮೆನನ್ ಮಾರಾಯ! ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಎಲ್ರಿಗೂ ಗೊತ್ತು, ಅದನ್ನ ಕಟ್ಟಿದ ಈ ಮಾಧವ ಮೆನನ್ ಯಾರಿಗೂ ಗೊತ್ತಿಲ್ಲ.

1935ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದವ್ರು, 1956ಕ್ಕೆ ವಕೀಲರಾಗಿ ಎನ್‌ರೋಲ್ ಆದ್ರು, ಆಮೇಲೆ ದೆಹಲಿ ಸೆಕ್ರೆಟೇರಿಯಟ್‌ನಲ್ಲಿ ಸರ್ಕಾರಿ ಕೆಲ್ಸ, ಅದನ್ನೂ ಬಿಟ್ಟು ಅಲಿಗಢದಲ್ಲಿ ಕಾನೂನಿನಲ್ಲೇ ಪಿಎಚ್‌ಡಿ ಮಾಡಿ ಮೇಷ್ಟ್ರಾದ್ರು. ದೆಹಲಿ ಯೂನಿವರ್ಸಿಟಿಯಲ್ಲಿ ಪಾಠ ಮಾಡುವಾಗ್ಲೇ ಹುಡುಗ್ರನ್ನ ಬಡವ್ರಿಗೆ ಕಾನೂನು ನೆರವು ಕೊಡೋ ಲೀಗಲ್ ಏಡ್ ಕ್ಲಿನಿಕ್ ಕೆಲ್ಸಕ್ಕೆ ಹಚ್ಚಿದ್ರು, ಬಡವನ ಕೇಸ್ ಕೈಗೆತ್ಕೊಂಡ್ರೆ ಸೆಕ್ಷನ್ ತಾನಾಗೇ ತಲೆಗೆ ಹೋಗುತ್ತೆ ಅನ್ನೋ ಲೆಕ್ಕ. ನಾನು ಲಾ ಓದಿದ್ದು ಒಂದು ಈವ್ನಿಂಗ್ ಕಾಲೇಜಲ್ಲಿ, ಹೆಸರು ಬೇಡ ಬಿಡಿ, ಮೂರು ವರ್ಷದಲ್ಲಿ ಒಂದು ವಕಾಲತ್ತು ಫಾರಂ ಕಣ್ಣಲ್ಲಿ ನೋಡ್ಲಿಲ್ಲ, ಗೈಡ್ ಬಾಯಿಪಾಠ ಹೊಡ್ದು ಪಾಸಾದೆ. ಮೊದಲ್ನೇ ಸಲ ಪಾಟಿಸವಾಲು ಮಾಡೋಕೆ ನಿಂತಾಗ ಕಾಲು ನಡುಗ್ತಿತ್ತು, ಕಕ್ಷಿದಾರನೇ ನೀರು ಕೊಟ್ಟ.

ಇಂಥದ್ದನ್ನ ಸರಿಮಾಡೋಕೇ ವಕೀಲರ ವೃತ್ತಿ ನೋಡ್ಕೊಳ್ಳೋ ಬಾರ್ ಕೌನ್ಸಿಲ್‌ನವ್ರು ಮೆನನ್‌ರನ್ನ ಬೆಂಗಳೂರಿಗೆ ಕರ್ಕೊಂಡ್ ಬಂದ್ರು. ಲಾ ಸ್ಕೂಲ್ ಕಾಯ್ದೆ ನಮ್ಮ ರಾಜ್ಯದ್ದೇ, 1986ರದು. 1988ರಲ್ಲಿ ಮೊದಲ ಬ್ಯಾಚು ಶುರುವಾದಾಗ ಸ್ವಂತ ಬಿಲ್ಡಿಂಗೂ ಇರ್ಲಿಲ್ಲ, ಸೆಂಟ್ರಲ್ ಕಾಲೇಜ್ ಆವರಣದಲ್ಲಿ ಕ್ಲಾಸು. ಪಿಯುಸಿ ಮುಗಿಸಿದ ಹುಡುಗ್ರಿಗೆ ನೇರವಾಗಿ ಐದು ವರ್ಷದ ಕೋರ್ಸ್, ವರ್ಷಕ್ಕೆ ಮೂರು ಟರ್ಮ್, ಕಾನೂನಿನ ಜೊತೆಗೇ ಹಿಸ್ಟರಿ, ಎಕನಾಮಿಕ್ಸ್. ಆ ಕಾಲಕ್ಕೆ ಡಾಕ್ಟರ್ ಇಂಜಿನಿಯರ್ ಸೀಟ್ ಸಿಗದೇ ಇದ್ದೋರು, ಇನ್ನೇನೂ ದಾರಿ ಕಾಣದೇ ಇದ್ದೋರು ಲಾ ಮಾಡ್ತಾರೆ ಅಂತಿದ್ರು ಜನ, ಈಗ ಅದಕ್ಕೇ ಲಕ್ಷಗಟ್ಟಲೆ ಫೀಸ್ ಕಟ್ಟಿ ಕೋಚಿಂಗ್ ಸೇರ್ತಾರೆ.

ನಂಗೆ ಇದಕ್ಕಿಂತ ಜಾಸ್ತಿ ಇಷ್ಟ ಆಗೋದು ಅವ್ರು ಲಾ ಸ್ಕೂಲ್ ಮುಖ್ಯಸ್ಥರ ಕುರ್ಚಿ ಬಿಟ್ಟ ರೀತಿ. ಹನ್ನೆರಡು ವರ್ಷ ಇದ್ದು 1998ರಲ್ಲಿ ಎದ್ದು ನಡೆದ್ರು, ಆಗ ವಯಸ್ಸು 63, ನಮ್ಮ ಕಡೆ ಆದ್ರೆ ಎಕ್ಸ್‌ಟೆನ್ಷನ್‌ಗೆ ವಿಧಾನಸೌಧದ ಮೆಟ್ಟಿಲು ಸವೆಸೋ ವಯಸ್ಸು. ಕೋಲ್ಕತ್ತಾಕ್ಕೆ ಹೋಗಿ ಇನ್ನೊಂದು ಲಾ ಯೂನಿವರ್ಸಿಟಿಯನ್ನ ಸೊನ್ನೆಯಿಂದ ಕಟ್ಟಿ ಅದರ ಮೊದಲ ವಿಸಿ ಆದ್ರು, 2003ರಲ್ಲಿ ಅದನ್ನೂ ಬಿಟ್ಟು ಭೋಪಾಲ್‌ನ ಜುಡಿಷಿಯಲ್ ಅಕಾಡೆಮಿ. ಲಾಯರ್‌ಗಳಿಗೆ ಪಾಠ ಹೇಳಿ ಸಾಲದು ಅಂತ ಜಡ್ಜ್‌ಗಳಿಗೂ!

ಆದ್ರೆ ಒಂದು ತಕರಾರು ಇದೆ, ಅದು ಮೆನನ್ ಅವರದ್ದೂ ಹೌದು. ಓದಿದ ಹುಡುಗ್ರು ಕೋರ್ಟಿಗೆ ಬರ್ತಾರೆ ಅಂದ್ಕೊಂಡಿದ್ರು, ಬಹಳಷ್ಟು ಜನ ಕಾರ್ಪೊರೇಟ್ ಫರ್ಮ್‌ಗಳಿಗೆ ಹೋದ್ರು, ಈ ಬೇಜಾರನ್ನ ಅವ್ರೇ ಬಹಿರಂಗವಾಗಿ ಹೇಳ್ಕೊಂಡಿದ್ರು. ನಮ್ಮ ತಾಲೂಕು ಕೋರ್ಟಿಗೆ ಇವತ್ತಿನವರೆಗೆ ಅಲ್ಲಿಂದ ಒಬ್ರೂ ಬಂದಿಲ್ಲ. ಸಾಲ ಕಟ್ಕೊಂಡು ಓದಿದ ಹುಡುಗನ್ನ 'ಬಾಪ್ಪಾ, ಇಲ್ಲಿ ವಾಯಿದೆ ಮೇಲೆ ವಾಯಿದೆ ತಗೊಂಡು ಕೂತ್ಕೋ' ಅಂತ ಕರೆಯೋಕೆ ನಂಗೂ ಮುಖ ಇಲ್ಲ, ಅದು ಬೇರೆ ಮಾತು.

ನಾವೂ ಅಷ್ಟೇ, ಆ ಸ್ಕೂಲ್ ಬಗ್ಗೆ ಬಾಯಿ ಬಿಟ್ಟಿದ್ದು ಕರ್ನಾಟಕದ ಮಕ್ಕಳಿಗೆ 25 ಪರ್ಸೆಂಟ್ ಸೀಟಿನ ವಿಷ್ಯದಲ್ಲಿ ಮಾತ್ರ. ಅದಕ್ಕಾಗಿ ರಾಜ್ಯ ಲಾ ಸ್ಕೂಲ್ ಕಾಯ್ದೆಗೆ ತಂದಿದ್ದ ತಿದ್ದುಪಡಿಯನ್ನ 2020ರಲ್ಲಿ ಹೈಕೋರ್ಟ್ ರದ್ದು ಮಾಡಿದಾಗ ಬಾರ್ ರೂಮಲ್ಲಿ ಎಷ್ಟು ಕೂಗಾಡಿದ್ವಿ. ಸೀಟು ಬೇಕು, ನಿಜ. ಅಲ್ಲಿ ಕಲಿಸೋ ಥರ ಜಿಲ್ಲೆಯ ಲಾ ಕಾಲೇಜುಗಳಲ್ಲೂ ಕಲಿಸಿ ಅಂತ ಯಾವತ್ತಾದ್ರೂ ಕೇಳಿದ್ವಾ?

ಮೆನನ್ 2019ರ ಮೇ 8ಕ್ಕೆ ತೀರ್ಕೊಂಡ್ರು, ಮುಂದಿನ ವರ್ಷ ಪದ್ಮಭೂಷಣ ಬಂತು. ಅವ್ರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆ ಲೇಖನ ನಿಮ್ಮ ಭಾನುವಾರದ ಪುರವಣಿಯಲ್ಲಿ ಹಾಕಿಸಿ ಸಾರ್. ಕಟಿಂಗ್ ತೆಗೆದು ಬಾರ್ ರೂಮಿನ ನೋಟಿಸ್ ಬೋರ್ಡಿಗೆ ಅಂಟಿಸೋ ಜವಾಬ್ದಾರಿ ನಂದು, ಆ ಜೂನಿಯರ್ ಓದ್ಲಿ.

ಇಂತಿ,
ತಾಲೂಕು ಕೋರ್ಟಿನ ಒಬ್ಬ ವಕೀಲ