ವಸತಿ ಕಟ್ಟಡಗಳೂ ತಡೆರಹಿತವಾಗಲಿ

ಮಾನ್ಯರೇ,

ಬೆಂಗಳೂರು, ಮೈಸೂರಿನಂತಹ ನಗರಗಳಲ್ಲಿ ನೆಲಮಟ್ಟವನ್ನು ವಾಹನ ನಿಲುಗಡೆಗೆ ಬಿಟ್ಟು ಮೇಲೆ ಮೂರು–ನಾಲ್ಕು ಅಂತಸ್ತು ಕಟ್ಟುವ ಸಣ್ಣ ಅಪಾರ್ಟ್‌ಮೆಂಟ್‌ಗಳು ಎಲ್ಲೆಡೆ ಎದ್ದಿವೆ. ಇವುಗಳಲ್ಲಿ ಲಿಫ್ಟ್ ಇರುತ್ತದೆ, ಆದರೆ ಎಷ್ಟೋ ಕಡೆ ಅದರ ಬಾಗಿಲು ತಲುಪಲು ಮೂರು ಮೆಟ್ಟಿಲು ಹತ್ತಬೇಕು. ಗಾಲಿಕುರ್ಚಿ ಬಳಸುವವರಿಗೂ ವಾಕರ್ ಹಿಡಿದು ನಡೆಯುವ ವೃದ್ಧರಿಗೂ ಆ ಮೂರು ಮೆಟ್ಟಿಲುಗಳಿಂದಾಗಿ ಲಿಫ್ಟ್ ಇದ್ದೂ ಇಲ್ಲದಂತಾಗುತ್ತದೆ.

ಕಟ್ಟಿದ ಮೇಲೆ ಇದನ್ನು ಸರಿಪಡಿಸುವುದು ಕಷ್ಟ. ಆರಾರು ಇಂಚಿನ ಮೂರು ಮೆಟ್ಟಿಲೆಂದರೆ ಒಂದೂವರೆ ಅಡಿ ಎತ್ತರ. 1:12ರ ಪ್ರಮಾಣಿತ ಇಳಿಜಾರಿನಲ್ಲಿ ಅದಕ್ಕೆ 18 ಅಡಿ ಉದ್ದದ ರ‍್ಯಾಂಪ್ ಬೇಕು. 30×40 ಅಡಿಯ ನಿವೇಶನದಲ್ಲಿ ಕಾರುಗಳು ನಿಂತ ಮೇಲೆ ಅಷ್ಟು ಜಾಗ ಉಳಿಯದೆ, ಗಾಲಿಕುರ್ಚಿ ಹಿಂದಕ್ಕೆ ಮಗುಚುವಷ್ಟು ಕಡಿದಾದ ಇಳಿಜಾರು ಮಾಡಿ ಕೈತೊಳೆದುಕೊಳ್ಳಲಾಗುತ್ತದೆ. ಅಡಿಪಾಯ ಹಾಕುವಾಗಲೇ ಲಿಫ್ಟ್ ಗುಂಡಿಯನ್ನು ಇನ್ನೂ ಒಂದೂವರೆ ಅಡಿ ಆಳಕ್ಕೆ ತೆಗೆದು ಬಾಗಿಲನ್ನು ವಾಹನ ನಿಲುಗಡೆಯ ಮಟ್ಟಕ್ಕೆ ತಂದರೆ ರ‍್ಯಾಂಪ್‌ನ ಅಗತ್ಯವೇ ಇರದು. ಗುಂಡಿಗೆ ಮಳೆನೀರು ಇಳಿಯುತ್ತದೆಂಬ ಆಕ್ಷೇಪ ನಿಜವಾದದ್ದೇ. ಆದರೆ ನೆಲಕ್ಕೆ ಹೊರಮುಖವಾಗಿ ವಾಟ ಕೊಟ್ಟು, ಬಾಗಿಲ ಮುಂದೆ ಜಾಲರಿ ಮುಚ್ಚಿದ ಅಡ್ಡಚರಂಡಿ ಮಾಡಿದರೆ ಅದನ್ನು ತಡೆಯಬಹುದು. ಸ್ನಾನದ ಮನೆಯ ಬಾಗಿಲಿನ ವಿಚಾರವೂ ಹೀಗೆಯೇ. ಗೋಡೆ ಏಳುವಾಗ 900 ಮಿ.ಮೀ. ತೆರವು ಬಿಡಲು ಹೆಚ್ಚಿನ ಖರ್ಚಿಲ್ಲ, ನಂತರ ಅಗಲಿಸುವುದಕ್ಕೆ ಗೋಡೆಯನ್ನೇ ಒಡೆಯಬೇಕು.

ಅಂಗವಿಕಲರ ಹಕ್ಕುಗಳ ಕಾಯ್ದೆ–2016ರಲ್ಲಿ ‘ಸಾರ್ವಜನಿಕ ಕಟ್ಟಡ’ಕ್ಕೆ ಕೊಟ್ಟ ವ್ಯಾಖ್ಯಾನ ಶಾಲೆ, ಕಚೇರಿ, ಮಳಿಗೆ, ಆಸ್ಪತ್ರೆಗಳ ಸುತ್ತಲೇ ಇರುವುದರಿಂದ ವಾಸದ ಮನೆಗಳಿಗೆ ಈ ಕಾಯ್ದೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಬೇರೂರಿದೆ. ಆದರೆ 44ನೇ ಕಲಂ ಸಾರ್ವಜನಿಕ ಕಟ್ಟಡವೆಂದು ಹೇಳುವುದಿಲ್ಲ. ಯಾವುದೇ ಸಂಸ್ಥೆ ಕಟ್ಟುವ ಯಾವುದೇ ಕಟ್ಟಡದ ನಕ್ಷೆ ಸುಗಮ್ಯತೆಯ, ಅಂದರೆ ಅಂಗವಿಕಲರೂ ಸಲೀಸಾಗಿ ಬಳಸುವಂತಿರಬೇಕೆಂಬ, ನಿಯಮಗಳಿಗೆ ಹೊಂದದಿದ್ದರೆ ಅನುಮತಿ ಕೊಡಬಾರದು, ಪೂರ್ಣತಾ ಪ್ರಮಾಣಪತ್ರವನ್ನೂ ಕೊಡಬಾರದು ಎನ್ನುತ್ತದೆ. ಖಾಸಗಿ ಕಂಪನಿಗಳೂ ಪಾಲುದಾರಿಕೆ ಸಂಸ್ಥೆಗಳೂ ಕಾಯ್ದೆಯ ‘ಸಂಸ್ಥೆ’ಯ ವ್ಯಾಖ್ಯಾನದೊಳಗೇ ಬರುತ್ತವೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮ್ಯತೆಯ ಮಾನದಂಡಗಳನ್ನು ಬರೀ ಮಾರ್ಗಸೂಚಿಗಳಾಗಿ ಉಳಿಸಿದ್ದ, ಇದೇ ಕಾಯ್ದೆಯಡಿ ಕೇಂದ್ರ ರೂಪಿಸಿದ 2017ರ ನಿಯಮಾವಳಿಯ 15(1)ನೇ ನಿಯಮವು ಕಾಯ್ದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಲು ಕೇಂದ್ರಕ್ಕೆ ಆದೇಶಿಸಿತು.

ಆದರೂ ಒಂದು ಕಂಡಿ ಉಳಿಯುತ್ತದೆ. ಬಾಡಿಗೆಗೆಂದು ವ್ಯಕ್ತಿಯೊಬ್ಬರು ತಮ್ಮ ಹೆಸರಿನಲ್ಲೇ ಕಟ್ಟಿಸುವ ಕಟ್ಟಡವನ್ನು 44ನೇ ಕಲಂ ಮುಟ್ಟುವುದು ಕಷ್ಟ. ನಮ್ಮ ನಗರಗಳ ಬಾಡಿಗೆ ಮನೆಗಳ ದೊಡ್ಡ ಪಾಲು ಇಂತಹವೇ. ಇದನ್ನು ಮುಚ್ಚಬೇಕಾದದ್ದು ರಾಜ್ಯ ಸರ್ಕಾರ. 2011ರ ಜನಗಣತಿಯಂತೆ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರಿದ್ದರು; ಮಂಡಿನೋವಿನ ಹಿರಿಯರು, ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರಲ್ಲಿ ಎಷ್ಟೋ ಮಂದಿ ಆ ಲೆಕ್ಕದಲ್ಲಿ ಸೇರಿರಲಿಕ್ಕಿಲ್ಲ. ಕಟ್ಟಿಸುವವರು ಯಾರೇ ಇರಲಿ, ಲಿಫ್ಟ್ ಇರುವ ಪ್ರತಿಯೊಂದು ವಸತಿ ಕಟ್ಟಡದಲ್ಲೂ ಗೇಟಿನಿಂದ ಮನೆಬಾಗಿಲಿನವರೆಗೆ ಮೆಟ್ಟಿಲಿಲ್ಲದ ದಾರಿ ಕಡ್ಡಾಯವೆಂದು ಕಟ್ಟಡ ಉಪವಿಧಿಗಳಿಗೆ ತಿದ್ದುಪಡಿ ತರಬೇಕು. ಸ್ವಾಧೀನಾನುಭವ ಪತ್ರಕ್ಕೆ ಮುನ್ನ ಪರಿಶೀಲನೆಗೆ ಬರುವ ಎಂಜಿನಿಯರ್, ಸುತ್ತ ಬಿಟ್ಟ ಜಾಗವನ್ನು ಅಳೆಯುವಂತೆಯೇ ಲಿಫ್ಟ್‌ನ ಮಟ್ಟವನ್ನೂ ಬಾಗಿಲಿನ ಅಗಲವನ್ನೂ ಅಳೆದು ವರದಿಯಲ್ಲಿ ನಮೂದಿಸಬೇಕು.

– ನಿವೃತ್ತ ಸಿವಿಲ್ ಎಂಜಿನಿಯರ್, ಮೈಸೂರು