ಹಣ್ಣಿನ ಪೆಟ್ಟಿಗೆಗೆ ಎಂಥ ಇದ್ದಿಲು?

ಮಾನ್ಯರೇ,

ತೆಂಗಿನ ಚಿಪ್ಪಿನ ಬಯೋಚಾರ್ (ಇದ್ದಿಲು) ಪೊಟ್ಟಣವಿಟ್ಟರೆ ಬಾಳೆಹಣ್ಣು ಬೇಗ ಮಾಗದು ಎಂಬ ಪ್ರಚಾರ ಅರ್ಧ ಸತ್ಯ. ಗಾಳಿ ತಡೆದು 500 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲಿ ಸುಟ್ಟ ಇದ್ದಿಲಿನಲ್ಲಿ ಸೂಕ್ಷ್ಮ ರಂಧ್ರಗಳು ಸಾಲವು. 800–900 ಡಿಗ್ರಿಯಲ್ಲಿ ಹಬೆ ಹಾಯಿಸಿದರೆ ಅವು ತೆರೆದುಕೊಂಡು ಹಣ್ಣನ್ನು ಮಾಗಿಸುವ ಎಥಿಲೀನ್ ಅನಿಲವನ್ನು ಹಿಡಿಯುತ್ತವೆ. ಆಗಲೂ ಹಣ್ಣು ಬಿಡುವ ತೇವವೇ ಮೊದಲು ರಂಧ್ರ ತುಂಬಿಬಿಡುತ್ತದೆ. ಇಂಥ ಕಡೆ ಎಥಿಲೀನನ್ನು ಒಡೆಯುವ ಪೊಟ್ಯಾಶಿಯಂ ಪರ್ಮಾಂಗನೇಟ್ ಪೊಟ್ಟಣವೇ ವಾಸಿ (ಹಣ್ಣಿಗೆ ತಾಗಬಾರದಷ್ಟೇ).

ಇನ್ನೊಂದು ತೊಡಕನ್ನು ಯಾರೂ ಹೇಳುವುದಿಲ್ಲ. ಸುಡುವಾಗ ಹೊಗೆ ಹೊರಹೋಗದೆ ಒಳಗೇ ತಣಿದರೆ ಟಾರು ಇದ್ದಿಲಿಗೆ ಅಂಟುತ್ತದೆ. ಅದರಲ್ಲಿ ಪಿಎಎಚ್ ಎಂಬ ಕ್ಯಾನ್ಸರ್‌ಕಾರಕ ರಾಸಾಯನಿಕಗಳಿರುತ್ತವೆ. ಸೀಸದಂಥ ಭಾರಲೋಹವಿರಬಹುದಾದ ಬಣ್ಣ ಬಳಿದ ಹಳೆ ಮರವನ್ನಂತೂ ಸುಡಲೇಬಾರದು. ದೂಳನ್ನು ಜರಡಿಯಾಡಿ, ಗಾಳಿಯಾಡುವ ಆದರೆ ಪುಡಿ ಸೋರದ ನಾನ್‌ವೋವನ್ (ನೇಯದ ಬಟ್ಟೆಯ) ಚೀಲದಲ್ಲಿ ತುಂಬಬೇಕು. ಕೊಳ್ಳುವವರು ಪಿಎಎಚ್ ಮತ್ತು ಭಾರಲೋಹಗಳ ಪ್ರಯೋಗಾಲಯ ವರದಿ ಕೇಳಲಿ.

– ಓದುಗರು, ತಿಪಟೂರು